ತಳವಾರನ ಭಯ, ತಳವಾರನ ಹೊಣೆ

ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಲೇಪಾಕ್ಷಿಯ ಕೂರ್ಮಶೈಲದ ಮೇಲೆ ಪೂಜೆಗೊಳ್ಳುತ್ತಿರುವ ದೇವತೆ ವೀರಭದ್ರ. ದಕ್ಷನ ಮದವನ್ನು ಅವನ ಯಜ್ಞಶಾಲೆಯಲ್ಲಿಯೇ ಮುರಿಯುವುದಕ್ಕಾಗಿ ಶಿವನ ಜಟೆಯಿಂದ ಹುಟ್ಟಿಬಂದ ಆ ಉಗ್ರಮೂರ್ತಿಗೆ, ಅಚ್ಯುತದೇವರಾಯನ ಆಳ್ವಿಕೆಯಲ್ಲಿ ಪೆನುಗೊಂಡೆಯ ಅಧಿಕಾರಿಯಾಗಿದ್ದ ವಿರೂಪಣ್ಣನು ಸೋದರ ವೀರಣ್ಣನೊಡಗೂಡಿ ಕಟ್ಟಿಸಿದ ಈ ಗುಡಿಯಲ್ಲಿ ಕನ್ನಡದ ಶಾಸನಗಳು ಇಂದಿಗೂ ಉಳಿದಿವೆ. ರಾಜಭಂಡಾರದ ಹಣವನ್ನು ಗುಡಿಗೆ ಸುರಿದನೆಂಬ ಅಪವಾದವು ಬಂದು, ಅವನ ಕಣ್ಣು ಕೀಳಿಸಬೇಕೆಂಬ ಆಜ್ಞೆ ಹೊರಟಿತೆಂದೂ, ದಂಡಧರರು ಊರು ಮುಟ್ಟುವ ಮೊದಲೇ ವಿರೂಪಣ್ಣನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆಸೆದನೆಂದೂ ಐತಿಹ್ಯ. ಅಪೂರ್ಣವಾಗಿಯೇ ನಿಂತ ಕಲ್ಯಾಣಮಂಟಪದ ಸಮೀಪದ ಗೋಡೆಯ ಮೇಲಿನ ಎರಡು ಕೆಂಗಲೆಗಳನ್ನು ಜನರು ಅದರ ಗುರುತೆಂದು ತೋರಿಸುತ್ತಾರೆ. ಈ ಕಥೆ ನಡೆದುದೇ ಕಟ್ಟಿದುದೇ ಎಂಬ ಚರ್ಚೆಗಿಂತ, ಈ ಸೀಮೆಯ ಜನರು ದಂಡಶಕ್ತಿಯನ್ನು ಯಾವ ರೂಪದಲ್ಲಿ ಭಾವಿಸಿಕೊಂಡಿದ್ದರೆಂಬುದಕ್ಕೆ ಅದು ನುಡಿಯುವ ಸಾಕ್ಷ್ಯವೇ ನನಗೆ ಹೆಚ್ಚಿನದಾಗಿ ತೋರುತ್ತದೆ. ದಂಡವು ಬರುತ್ತಿದೆಯೆಂಬ ಸುದ್ದಿಯೇ ಅವರಿಗೆ ಅರ್ಧ ಶಿಕ್ಷೆಯಾಗಿದ್ದಿತು.

ಮನುವು ದಂಡವನ್ನು ಕಪ್ಪುಮೈಯ, ಕೆಂಗಣ್ಣಿನ ಪುರುಷನಾಗಿ ಚಿತ್ರಿಸಿದ್ದಾನೆ. ರಾಜಧಾನಿಯಲ್ಲಿ ಆ ಪುರುಷನಿಗೆ ಸೈನ್ಯವೂ ಅಧಿಕಾರಿಗಳೂ ಇದ್ದರು. ಹಳ್ಳಿಯಲ್ಲಿ ಅವನು ತಳವಾರನಾಗಿ, ತೆಲುಗರ ತಲಾರಿಯಾಗಿ, ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನಾಗಿ ಬಾಳಿದನು. ಗೌಡನು ಕಂದಾಯವನ್ನು ನೋಡುವನು, ಶಾನುಭೋಗನು ಲೆಕ್ಕವನ್ನು ಬರೆವನು, ತೋಟಿಯು ಪೈರನ್ನು ಕಾಯುವನು. ತಳವಾರನಾದರೋ ಊರಿಗೆ ಬಂದವರಾರು, ಹೋದವರಾರು, ಯಾವ ಮನೆಯಲ್ಲಿ ಅಪರಿಚಿತನೊಬ್ಬನು ರಾತ್ರಿ ತಂಗಿದನು ಎಂಬುದನ್ನೆಲ್ಲ ಅರಿತಿರಬೇಕು. ದಾರಿಗರನ್ನು ಮುಂದಿನ ಊರಿನ ಎಲ್ಲೆಯವರೆಗೆ ಕಾಪಾಡಿ ಮುಟ್ಟಿಸಬೇಕು. ಇದಕ್ಕಾಗಿ ಅವನಿಗೆ ಒಂದಿಷ್ಟು ಮಾನ್ಯದ ಹೊಲವೂ, ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯವೂ ಸಲ್ಲುತ್ತಿದ್ದುವು. ಕುಲದಲ್ಲಿ ಅವನು ಬಹುಶಃ ಬೇಡನೋ ಬೋಯನೋ ಆಗಿದ್ದು, ಹಗಲಿನಲ್ಲಿ ಗೌಡನ ಜಗುಲಿಯ ಕೆಳಗೆ ನಿಲ್ಲುವವನಾಗಿದ್ದರೂ, ಇರುಳಾದ ಮೇಲೆ ಬೀದಿಯಲ್ಲಿ ಅವನ ಕೋಲಿನ ಸದ್ದು ಕೇಳಿಸಿದರೆ ಗೌಡನ ಮಗನೂ ಒಳಗೆ ಸರಿಯುತ್ತಿದ್ದನು.

ಆದರೆ ಈ ಭಯಕ್ಕೆ ಒಂದು ಕಟ್ಟು ಇದ್ದಿತು. ಊರಿನಲ್ಲಿ ಕಳವಾದರೆ ಕಾವಲುಗಾರನು ಕಳ್ಳನನ್ನು ಹಿಡಿದು ತರಬೇಕು, ಇಲ್ಲವೇ ನಷ್ಟವನ್ನು ತಾನೇ ತುಂಬಿಕೊಡಬೇಕು. ಈ ನ್ಯಾಯ ಬಹು ಪುರಾತನವಾದುದು. ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಇದರ ವಿಧಿ ಸ್ಪಷ್ಟವಾಗಿದೆ: ಕಳ್ಳನ ಹೆಜ್ಜೆ ಊರನ್ನು ಬಿಟ್ಟು ಹೊರಟಂತೆ ಕಾಣದಿದ್ದರೆ ದೋಷವು ಗ್ರಾಮಾಧಿಪತಿಯದು, ಬಯಲಿನಲ್ಲಿ ಕಳವಾದರೆ ಅದು ಚೋರರನ್ನು ಹಿಡಿಯಲು ನಿಯುಕ್ತನಾದವನದು, ಹೆಜ್ಜೆಯು ಯಾವ ಗ್ರಾಮವನ್ನು ಹೊಕ್ಕಿತೋ ಆ ಗ್ರಾಮವು ಕೊಡತಕ್ಕದ್ದು, ಹಲವು ಊರುಗಳ ನಡುವಣ ಬಯಲಿನಲ್ಲಿ ನಡೆದುದಾದರೆ ಐದು ಗ್ರಾಮಗಳಾಗಲಿ ಹತ್ತು ಗ್ರಾಮಗಳಾಗಲಿ ಹಂಚಿಕೊಂಡು ಕೊಡತಕ್ಕದ್ದು. ಆದುದರಿಂದ ಕಳವಿನ ಮರುದಿನ ಬೆಳಗಿನ ಜಾವವೆಂದರೆ ತಳವಾರನಿಗೆ ಪರೀಕ್ಷೆಯ ಹೊತ್ತು. ದನಗಳು ಮೇವಿಗೆ ಹೊರಟು ಗೊರಸುಗಳಿಂದ ಧೂಳನ್ನು ಕಲಕುವ ಮೊದಲೇ ಅವನು ಹಿತ್ತಿಲ ಬೇಲಿಯಿಂದ ಹೆಜ್ಜೆಯನ್ನು ಹಿಡಿಯಬೇಕು. ಕೆಮ್ಮಣ್ಣಿನ ಹೊಲದಲ್ಲಿ ಸುಲಭವಾಗಿ ಕಾಣುವ ಆ ಗುರುತು ಕಲ್ಲುಗುಟ್ಟೆಯ ಮೇಲೆ ಮಾಯವಾಗಿ, ಬತ್ತಿದ ಪೆನ್ನೆಯ ಮರಳಿನಲ್ಲಿ ಅಂಚು ಕುಸಿದ ಹಳ್ಳವಾಗಿ ಮತ್ತೆ ತೋರಿದಾಗ, ಅದು ಅದೇ ಕಾಲೆಂದು ನಿರ್ಣಯಿಸಬೇಕು. ಎಲ್ಲೆಗಲ್ಲಿನವರೆಗೆ ಕೊಂಡೊಯ್ದು ನೆರೆಯೂರಿನ ತಳವಾರನನ್ನು ಕರೆಯಿಸಿ, ಇದೋ ನಿನ್ನ ನೆಲಕ್ಕೆ ಹೊಕ್ಕಿತೆಂದು ಒಪ್ಪಿಸಬೇಕು. ಅವನು ಒಪ್ಪಿದರೆ ಋಣವು ಅವನದಾಯಿತು. ತನ್ನ ಅನ್ನವನ್ನೇ ಒತ್ತೆಯಿಟ್ಟು ನ್ಯಾಯವನ್ನು ಹುಡುಕುವ ಇಂಥ ಅಧಿಕಾರಿಯನ್ನು ಕಲ್ಪಿಸಿದವರ ವಿವೇಕವನ್ನು ನಾನು ಮನಸಾರೆ ಗೌರವಿಸುತ್ತೇನೆ.

1565ರ ಯುದ್ಧದ ಅನಂತರ ರಾಜಧಾನಿಯು ಪೆನುಗೊಂಡೆಗೆ ಬಂದು, ಅಲ್ಲಿಂದಲೂ ಕದಲಿದ ಮೇಲೆ, ಕಾವಲಿನ ಧರ್ಮವು ಪಾಳೆಯಗಾರರ ಕೈಯಲ್ಲಿ ಬೇರೊಂದು ರೂಪವನ್ನು ತಾಳಿತು. ಕಲ್ಯಾಣದುರ್ಗವು ಬೋಯ ಪಾಳೆಯಗಾರನಾದ ಕಲ್ಯಾಣಪ್ಪನ ಹೆಸರನ್ನು ಹೊತ್ತಿದೆಯೆಂದು ಪ್ರತೀತಿ. ಅದಕ್ಕೆ ಸಮೀಪದ ಕುಂದುರ್ಪಿಯ ದುರ್ಗದಲ್ಲಿ ಕೋನೇಟಿನಾಯಕನ ಮನೆತನವು ನೆಲಸಿ ಮುಂದೆ ರಾಯದುರ್ಗಕ್ಕೆ ಹಬ್ಬಿತು. ಹಿಂದೂಪುರವನ್ನಾದರೋ ಗುತ್ತಿಯ ಮುರಾರಿರಾಯ ಘೋರ್ಪಡೆಯು ನೆಲೆಗೊಳಿಸಿದನು. ಕೇಂದ್ರದ ಬಲವು ಕುಗ್ಗಿದಂತೆಲ್ಲ ಈ ನಾಯಕರು ಕಟ್ಟುಬಡಿಗಳೆಂಬ ಆಯುಧಧಾರಿಗಳನ್ನು ಸಾಕಿ, ಕಾವಲಿನ ಹೆಸರಿನಲ್ಲಿ ಹಳ್ಳಿಹಳ್ಳಿಯಿಂದ ಕಾಣಿಕೆಯನ್ನು ವಸೂಲುಮಾಡಿದರು. ಕಾಣಿಕೆ ತಪ್ಪಿದ ಊರಿನಲ್ಲಿ ದನ ಹೊಡೆದುಕೊಂಡು ಹೋಗುವವರೂ ಅವರ ಕಡೆಯವರೇ ಆದರು. ಹೊಣೆಯು ಕಳಚಿಹೋಗಿ ಭಯವೊಂದೇ ಉಳಿದರೆ ಕಾವಲುಗಾರನು ಏನಾಗುವನೆಂಬುದನ್ನು ಅರಿಯಬೇಕಾದವರು ಈ ಎರಡು ಶತಮಾನಗಳ ಚರಿತ್ರೆಯನ್ನು ಓದಬೇಕು. ಹೈದರನು 1776ರಲ್ಲಿ ಗುತ್ತಿಯನ್ನು ಹಿಡಿದು ಮುರಾರಿರಾಯನನ್ನು ಸೆರೆಗೆ ಕಳುಹಿಸಿದನು. ರಾಯದುರ್ಗದ ನಾಯಕನು ಟಿಪ್ಪುವಿನ ಸೆರೆಯಾಳಾದನು. ಆದರೂ ಪಾಳೆಯಗಾರಿಕೆ ಬೇರುಸಹಿತ ಅಳಿಯಲಿಲ್ಲ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಪ್ರಧಾನ ಕಲೆಕ್ಟರನಾಗಿ ಅನಂತಪುರದಲ್ಲಿ ನೆಲಸಿದ ಥಾಮಸ್ ಮನ್ರೋವಿನ ಎದುರಿಗೆ ಸುಮಾರು 80 ಮಂದಿ ಪಾಳೆಯಗಾರರೂ ಅವರ 30,000ದಷ್ಟು ಆಯುಧಧಾರಿಗಳೂ ಇದ್ದರು. ಜನರಲ್ ಕ್ಯಾಂಪ್‌ಬೆಲ್ಲನ ಸೈನ್ಯವು ಅವರನ್ನು ಕೆಲವೇ ಕಾಲದಲ್ಲಿ ಅಡಗಿಸಿತು. ಆದರೆ ಪಾಳೆಯಗಾರನನ್ನು ಒಲ್ಲದ ಮನ್ರೋ ತಳವಾರನನ್ನು ಒಲ್ಲೆನೆನ್ನಲಿಲ್ಲ. ಬಂಗಾಳದ ಮಾದರಿಯಲ್ಲಿ 1802ರಿಂದ ಮದರಾಸು ಪ್ರಾಂತದಲ್ಲಿ ನೇಮಕಗೊಂಡ ದರೋಗರು ಊರನ್ನರಿಯದ ಸಂಬಳದಾಳುಗಳಾಗಿ ನಿಷ್ಪ್ರಯೋಜಕರಾದರೆಂದು ಕಂಡು, ಅವನ ಪ್ರೇರಣೆಯಿಂದ ಹೊರಟ 1816ರ ನಿಬಂಧನೆಗಳು ಪೊಲೀಸು ಕೆಲಸವನ್ನು ಮರಳಿ ಊರಿನ ಮುಖ್ಯಸ್ಥನಾದ ಗ್ರಾಮಮುನಸೀಫನಿಗೂ ಅವನ ಕೈಕೆಳಗಿನ ತಳವಾರನಿಗೂ ಒಪ್ಪಿಸಿದುವು. ಆ ನಿಬಂಧನೆಗಳಲ್ಲೊಂದು ಕ್ಷುಲ್ಲಕ ಜಗಳ ಮಾಡಿದವರನ್ನು 12 ಗಂಟೆಗಳ ಕಾಲ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರವನ್ನು ಮುನಸೀಫನಿಗೆ ಕೊಟ್ಟು, ಕೀಳೆಂದು ಎಣಿಸಲಾದ ಜಾತಿಯವರನ್ನು ಮಾತ್ರ 6 ಗಂಟೆಗಳವರೆಗೆ ಕೋಳಕ್ಕೆ ಹಾಕಬಹುದೆಂದು ಭೇದವನ್ನೂ ಬರೆಯಿತು. ಮಾದಿಗರ ಕೇರಿಯ ಒಬ್ಬ ಕೂಲಿಯವನನ್ನು ಬಿಸಿಲಿನಲ್ಲಿ ಕೋಳಕ್ಕೆ ಸಿಕ್ಕಿಸುವ ಕೈ ತಳವಾರನದೇ ಆಗಿರುತ್ತಿದ್ದಿತೆಂಬುದನ್ನೂ, ಆ ತಳವಾರನೂ ಮೇಲಿನವರ ದೃಷ್ಟಿಯಲ್ಲಿ ಕೀಳೇ ಆಗಿದ್ದನೆಂಬುದನ್ನೂ ನೆನೆದರೆ, ಹಳೆಯ ವ್ಯವಸ್ಥೆಯ ಮೇಲಣ ನನ್ನ ಗೌರವಕ್ಕೆ ನೋವು ಬೆರೆಯುತ್ತದೆ.

1859ರ ಪೊಲೀಸು ಕಾಯಿದೆಯಿಂದ ಸಮವಸ್ತ್ರದ ಪೇದೆಯು ಬಂದನು. ಜನರ ಭಯವು ಅವನಿಗೆ ವರ್ಗವಾಯಿತು. ಕಳವಾದ ಎತ್ತಿನ ಬೆಲೆಯನ್ನು ತುಂಬಿಕೊಡುವ ಹೊಣೆ ಅವನಿಗೂ ಅವನ ಮೇಲಧಿಕಾರಿಗೂ ಬರಲಿಲ್ಲ. ತಳವಾರನಾದರೋ ಮುನಸೀಫನ ಬಾಗಿಲಿನಲ್ಲಿ ಕಾಗದ ಹೊರುವವನಾಗಿ, ಕಂದಾಯ ಬಾಕಿಯವರನ್ನು ಕೂಗಿ ಕರೆಯುವವನಾಗಿ ಉಳಿದನು. 1984ರಲ್ಲಿ ಎನ್.ಟಿ. ರಾಮರಾಯರ ಸರಕಾರವು ವಂಶಪರಂಪರೆಯ ಮುನಸೀಫಿಕೆಯನ್ನೂ ಕರಣಿಕೆಯನ್ನೂ ರದ್ದುಪಡಿಸಿತು; ಮರುವರ್ಷ ಹಿಂದೂಪುರವು ಅವರನ್ನೇ ತನ್ನ ಶಾಸಕರನ್ನಾಗಿ ಆರಿಸಿತು. ಒಡೆಯರು ಹೋದರೂ ಆಳು ಹೋಗಲಿಲ್ಲ: ತಲಾರಿಗಳು ಕಂದಾಯ ಇಲಾಖೆಯ ಗ್ರಾಮಸೇವಕರಾಗಿ, ಮಡಕಶಿರಾ ಕಡೆಯ ಕನ್ನಡದ ಹಳ್ಳಿಗಳಲ್ಲಿ ತೆಲುಗಿನ ನೋಟೀಸುಗಳನ್ನು ಮನೆಮನೆಗೆ ಮುಟ್ಟಿಸುತ್ತ, ಅಧಿಕಾರಿಗಳು ಬಂದಾಗ ಹೊಲದ ಎಲ್ಲೆಗಲ್ಲನ್ನು ತೋರಿಸುತ್ತ ಮುಂದುವರಿದರು.