ಧೂಮಪಾನ: ದಿನಚರಿಯಲ್ಲಿ ಬೇರೂರುವ ಚಟ

ಧೂಮಪಾನವನ್ನು ಕೇವಲ ನಿಕೋಟಿನ್‌ನ ದಾಸ್ಯವೆಂದು ಭಾವಿಸುವುದು ಅರ್ಧಸತ್ಯ. ಬೆಳಗಿನ ಕಾಫಿ, ಊಟದ ನಂತರದ ಬಿಡುವು, ಕಚೇರಿಯ ವಿರಾಮ, ಗೆಳೆಯರೊಡನೆ ಸಂಜೆಯ ಹರಟೆ ಇವುಗಳೊಂದಿಗೆ ಸಿಗರೇಟು ಬೆಸೆದುಕೊಂಡಿರುತ್ತದೆ. ಸಿಗರೇಟು ಬಿಡಲು ಸಂಕಲ್ಪ ಮಾಡಿದವರು ದಿನಚರಿಯನ್ನು ಹಾಗೆಯೇ ಉಳಿಸಿಕೊಂಡಾಗ ಚಟ ಮರುಕಳಿಸುವ ಸಂಭವ ಹೆಚ್ಚು.

ಚಟ ಬೆಳೆಯುವ ಬಗೆ

ಹೊಗೆಯೊಂದಿಗೆ ಒಳಸೇರಿದ ನಿಕೋಟಿನ್ ಸುಮಾರು 10ರಿಂದ 20 ಸೆಕೆಂಡುಗಳಲ್ಲಿ ಮೆದುಳನ್ನು ತಲುಪಿ, ಹಿತಾನುಭವ ನೀಡುವ ಡೋಪಮಿನ್ ಬಿಡುಗಡೆಯಾಗುವಂತೆ ಮಾಡುತ್ತದೆ. ಆ ಹೊತ್ತಿನ ಸ್ಥಳ, ಸಮಯ, ಸಹವಾಸಗಳನ್ನೂ ಮೆದುಳು ಈ ಹಿತದೊಂದಿಗೆ ಜೋಡಿಸಿಕೊಳ್ಳುತ್ತದೆ. ದಿನಕ್ಕೆ 10 ಸಿಗರೇಟು, ಒಂದಕ್ಕೆ 10 ದಮ್ಮಿನಂತೆ ಲೆಕ್ಕ ಹಾಕಿದರೂ ವರ್ಷಕ್ಕೆ 36,500 ಬಾರಿ ಈ ಅಭ್ಯಾಸ ನಡೆಯುತ್ತದೆ. ಕ್ರಮೇಣ ಕಾಫಿ ಲೋಟ ಕಂಡೊಡನೆಯೇ ಕೈ ಜೇಬಿಗೆ ಹೋಗುತ್ತದೆ.

ಬೆಳಗಿನ ಮೊದಲ ಸಿಗರೇಟು

ರಕ್ತದಲ್ಲಿನ ನಿಕೋಟಿನ್ ಪ್ರಮಾಣ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಾತ್ರಿಯ ನಿದ್ರೆಯ ನಂತರ ಅದು ತೀರಾ ತಗ್ಗಿರುತ್ತದೆ. ಆದ್ದರಿಂದಲೇ ಅವಲಂಬನೆಯನ್ನು ಅಳೆಯುವ ಫ್ಯಾಗರ್‌ಸ್ಟ್ರಾಮ್ ಪರೀಕ್ಷೆಯ ಒಟ್ಟು 10 ಅಂಕಗಳಲ್ಲಿ, ಎದ್ದ 5 ನಿಮಿಷದೊಳಗೆ ಸಿಗರೇಟು ಹಚ್ಚುವವರಿಗೆ 3 ಅಂಕ. ಇದು ಬಹುಮಟ್ಟಿಗೆ ದೇಹದ ಬೇಡಿಕೆ. ಗೆಳೆಯರ ಗುಂಪಿನಲ್ಲಷ್ಟೇ ಸೇದುವುದು ಸಂದರ್ಭದ ಒತ್ತಾಯ. ಎರಡಕ್ಕೂ ಒಂದೇ ಮದ್ದು ಸಾಲದು.

ಕಾಫಿಯ ನಂಟು

ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತು ಕೆಫೀನ್ ಕರಗಿಸುವ ವೇಗವನ್ನು ಹೆಚ್ಚಿಸುತ್ತವೆ. ಸಿಗರೇಟು ಬಿಟ್ಟಾಗ ಈ ವೇಗ ತಗ್ಗಿ, ಎಂದಿನಷ್ಟೇ ಕಾಫಿ ಕುಡಿದರೂ ಕೆಫೀನ್ ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಇದರಿಂದಾಗುವ ನಿದ್ರಾಹೀನತೆ, ತಳಮಳಗಳನ್ನು ಸಿಗರೇಟು ಬಿಟ್ಟದ್ದರ ಫಲವೆಂದೇ ತಿಳಿದು ಮತ್ತೆ ಸೇದುವುದುಂಟು. ಆದುದರಿಂದ ಆ ದಿನಗಳಲ್ಲಿ ಕಾಫಿಯನ್ನೂ ಕಡಿಮೆ ಮಾಡುವುದು ಲೇಸು.

ಬಿಡುವ ದಾರಿ

* ಒಂದು ವಾರ ಪ್ರತಿ ಸಿಗರೇಟಿನ ಸಮಯ, ಸ್ಥಳ, ಸಂದರ್ಭವನ್ನು ಬರೆದಿಡಬೇಕು.
* ಕಾಫಿ ಕುಡಿಯುವ ಜಾಗ, ಹೊತ್ತು ಬದಲಿಸಬೇಕು. ಊಟವಾದೊಡನೆ ಅಂಗಡಿಯತ್ತ ಹೋಗದೆ ಬೇರೆ ದಿಕ್ಕಿನಲ್ಲಿ ನಡೆಯಬೇಕು.
* ಸೇದುವ ತೀವ್ರ ಹಂಬಲ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ನೀರು ಕುಡಿದು, ಮಾತನಾಡಿ ಆ ಹೊತ್ತನ್ನು ದಾಟಿಸಬೇಕು.
* ಎದ್ದೊಡನೆ ಸಿಗರೇಟು ಬೇಕೆನ್ನುವವರು ವೈದ್ಯರ ಸಲಹೆ ಪಡೆಯುವುದು ಒಳಿತು. ನಿಕೋಟಿನ್ ಗಮ್ ಅಥವಾ ಪಟ್ಟಿ ನೆರವಾಗಬಲ್ಲವು.

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ ತಂಬಾಕು ತ್ಯಜಿಸುವ ಉಚಿತ ಸಹಾಯವಾಣಿಯ ಸಂಖ್ಯೆ 1800-11-2356.