ನಾಲ್ಕು ತಿಂಗಳ ಆತುರ

1995ರ ಮೇ 11. ಅಮೆರಿಕದ ಲಾಸ್ ಏಂಜಲೀಸ್. ವಿಡಿಯೋ ಗೇಮ್ ಉದ್ಯಮದ ಇ3 ಮೇಳ ಶುರುವಾದ ಮೊದಲ ವರ್ಷ. ವೇದಿಕೆ ಮೇಲೆ ಸೆಗಾ ಕಂಪನಿಯ ಅಮೆರಿಕ ಮುಖ್ಯಸ್ಥ ಟಾಮ್ ಕಲಿನ್‌ಸ್ಕಿ. ಹೊಸ ಕನ್ಸೋಲ್ 'ಸ್ಯಾಟರ್ನ್' ಬರೋದು ಸೆಪ್ಟೆಂಬರ್ 2ಕ್ಕೆ ಅಂತ ಎಲ್ಲರೂ ನಂಬಿದ್ದರು. ಅವರು ಹೇಳಿದ್ದೇ ಬೇರೆ. ಸ್ಯಾಟರ್ನ್ ಈಗಲೇ ಅಂಗಡಿಯಲ್ಲಿದೆ, ಬೆಲೆ 399 ಡಾಲರ್!

ಅದೇ ದಿನ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದರು. ಹೇಳಿದ್ದು ಒಂದೇ ಸಂಖ್ಯೆ: 299. ಹೇಳಿ ಇಳಿದು ಹೋದರು. ಪ್ಲೇಸ್ಟೇಷನ್ ಬೆಲೆ 100 ಡಾಲರ್ ಕಡಿಮೆ ಅಂತ ತಿಳಿದದ್ದೇ ತಡ, ಸಭೆ ತುಂಬಾ ಚಪ್ಪಾಳೆ.

ನೋಡಿ, ಸೆಗಾ ಲೆಕ್ಕ ಪೂರ್ತಿ ಹುಚ್ಚುತನ ಏನಲ್ಲ. 1989ರಲ್ಲಿ ಜೆನೆಸಿಸ್ ಅಮೆರಿಕಕ್ಕೆ ಬಂದಾಗ ನಿಂಟೆಂಡೋದ ಹೊಸ ಯಂತ್ರ ಬರೋಕೆ ಇನ್ನೂ ಎರಡು ವರ್ಷ ಇತ್ತು. ಆ ಮುನ್ನಡೆಯಲ್ಲೇ ಸೆಗಾ ದೊಡ್ಡದಾಗಿ ಬೆಳೆದದ್ದು. ಪ್ಲೇಸ್ಟೇಷನ್ ಬರೋದು ಸೆಪ್ಟೆಂಬರ್ 9ಕ್ಕೆ, ನಾವು ಮೇನಲ್ಲೇ ನುಗ್ಗಿಬಿಡೋಣ ಅಂದುಕೊಂಡರು. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆಗಿದ್ದೇನು? ಸಾಕಷ್ಟು ಯಂತ್ರಗಳೇ ತಯಾರಿರಲಿಲ್ಲ. ಇದ್ದಷ್ಟನ್ನು ನಾಲ್ಕೇ ಅಂಗಡಿ ಸರಣಿಗಳಿಗೆ ಕೊಟ್ಟರು. ಕೈಬಿಟ್ಟವರು ಕೆರಳಿದರು. ಕೆಬಿ ಟಾಯ್ಸ್ ಅಂತೂ ಸೆಗಾ ಮಾಲನ್ನೇ ಇಡೋದು ನಿಲ್ಲಿಸಿತು. ಹೊರಗಿನ ಗೇಮ್ ತಯಾರಕರು ಸೆಪ್ಟೆಂಬರ್ ನಂಬಿಕೊಂಡು ಕೆಲಸ ಮಾಡ್ತಿದ್ದರು. ಹಾಗಾಗಿ ಯಂತ್ರ ಬಂತು, ಆಡೋಕೆ ಆಟಗಳೇ ಸಾಲಲಿಲ್ಲ. ಸ್ಯಾಟರ್ನ್ ಒಳಗೆ ಎರಡು ಪ್ರೊಸೆಸರ್. ಎರಡಕ್ಕೂ ಕೆಲಸ ಹಂಚಿ ಪ್ರೋಗ್ರಾಂ ಬರೆಯೋದು ಎಷ್ಟು ಕಷ್ಟ ಅಂತ ಎಂಜಿನಿಯರಿಂಗ್ ಓದಿದವರಿಗೆ ಗೊತ್ತು. ಅದಕ್ಕೆ ಬೇಕಿದ್ದದ್ದು ಸಮಯ. ಸೆಗಾ ಕಿತ್ತುಕೊಂಡಿದ್ದೂ ಅದನ್ನೇ.

ಇನ್ನು ಗ್ರಾಹಕ. ಆರೇ ತಿಂಗಳ ಹಿಂದೆ, 1994ರ ನವೆಂಬರ್‌ನಲ್ಲಿ, ಜೆನೆಸಿಸ್‌ಗೆ ಸಿಕ್ಕಿಸೋ '32ಎಕ್ಸ್' ಸಾಧನವನ್ನ ಇದೇ ಸೆಗಾ ಮಾರಿತ್ತು. ಕೊಂಡವರ ಕೈಯಲ್ಲಿ ಅದು ಹೊಸದಾಗಿರುವಾಗಲೇ ಹಳತಾಯ್ತು. ಹಾಗೆ ಕೈಸುಟ್ಟುಕೊಂಡವರು ಮತ್ತೆ ಅದೇ ಹೆಸರನ್ನ ಹೇಗೆ ನಂಬ್ತಾರೆ?

ಸೆಗಾದ ಮುಂದಿನ ಯಂತ್ರ ಡ್ರೀಮ್‌ಕಾಸ್ಟ್. ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9ಕ್ಕೆ, 199 ಡಾಲರ್‌ಗೆ ಬಂತು. ಬೆಲೆ ಸರಿ, ಆಟಗಳೂ ಸರಿ, ಶುರುವೂ ಭರ್ಜರಿ. ಆದರೆ ಎಲೆಕ್ಟ್ರಾನಿಕ್ ಆರ್ಟ್ಸ್‌ನಂಥ ದೊಡ್ಡ ಕಂಪನಿ ಅದಕ್ಕೆ ಒಂದೇ ಒಂದು ಗೇಮ್ ಮಾಡಲಿಲ್ಲ. ಡಿವಿಡಿ ಓಡಿಸೋ ಪ್ಲೇಸ್ಟೇಷನ್ 2 ಬರುತ್ತೆ ಅಂತ ಜನ ಕಾದು ಕೂತರು. 2001ರ ಜನವರಿ 31ರಂದು ಸೆಗಾ ಕೈಚೆಲ್ಲಿತು. ಕಂಪನಿ ಉಳಿಸೋಕೆ ಅಧ್ಯಕ್ಷ ಇಸಾವೋ ಒಕಾವಾ ತಮ್ಮ ಸ್ವಂತ ಷೇರುಗಳನ್ನೇ ಕೊಟ್ಟರು. ಮಾರ್ಚ್‌ನಲ್ಲಿ ತೀರಿಕೊಂಡರು. ಸೆಗಾ ಆಮೇಲೆ ಬೇರೆಯವರ ಯಂತ್ರಗಳಿಗೆ ಆಟ ಬರೆಯೋ ಕಂಪನಿಯಾಯ್ತು.

ಹಾಗಾದ್ರೆ ಮೊದಲು ಬರೋದೇ ತಪ್ಪಾ? ಅಲ್ಲ. 2005ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಪ್ಲೇಸ್ಟೇಷನ್ 3ಕ್ಕಿಂತ ಒಂದು ವರ್ಷ ಮೊದಲೇ ಬಂದು ನೆಲೆ ಊರಿತು. ಯಂತ್ರಗಳು ಸಾಲಾಗಿ ಕೆಟ್ಟಾಗ ಮೈಕ್ರೋಸಾಫ್ಟ್ 2007ರಲ್ಲಿ ರಿಪೇರಿಗೆ ಅಂತಲೇ 100 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿಟ್ಟು, ವಾರಂಟಿಯನ್ನ ಮೂರು ವರ್ಷಕ್ಕೆ ಏರಿಸಿತು. ನಂಬಿಕೆ ಉಳಿಯಿತು. ಸೋನಿ ಕೂಡ ಪ್ಲೇಸ್ಟೇಷನ್ 3 ಬಂದ ಮೇಲೆ ಆರು ವರ್ಷ ಪ್ಲೇಸ್ಟೇಷನ್ 2 ತಯಾರಿಸ್ತಾನೇ ಇತ್ತು. ಹಳೇ ಗ್ರಾಹಕನನ್ನ ನಡುದಾರಿಯಲ್ಲಿ ಬಿಡಲಿಲ್ಲ.

ಬಿತ್ತನೆಗೆ ಹದ ಬೇಕು ಅಂತ ರೈತನಿಗೆ ಗೊತ್ತು. ಪಕ್ಕದ ಹೊಲದವನು ಬಿತ್ತಿದ ಅಂತ ಒಣ ನೆಲಕ್ಕೆ ಬೀಜ ಚೆಲ್ಲೋದಿಲ್ಲ. ಹೊಸ ಯಂತ್ರ ಬಿಡೋ ದಿನವನ್ನ ಎದುರಾಳಿಯ ಕ್ಯಾಲೆಂಡರ್ ನೋಡಿ ಗುರುತು ಹಾಕಬಾರದು. ಆಟ ತಯಾರಾ? ಅಂಗಡಿಯವನು ತಯಾರಾ? ನಿನ್ನೆ ದುಡ್ಡು ಕೊಟ್ಟವನಿಗೆ ಸಮಾಧಾನ ಇದೆಯಾ? ಈ ಮೂರಕ್ಕೂ ಹೌದು ಅನ್ನಿಸಿದ ದಿನವೇ ಸರಿಯಾದ ದಿನ. ಸೆಗಾ ಉಳಿಸಿದ್ದು ನಾಲ್ಕು ತಿಂಗಳು. ಕಳಕೊಂಡಿದ್ದು ಇಡೀ ಕನ್ಸೋಲ್ ವ್ಯಾಪಾರ.