‘ಕ್ರಾಸ್‌ಫೈರ್’ ಟೈಟಲ್ ಕಾರ್ಡ್‌ನಲ್ಲಿದ್ದವರು: ದ್ವೇಷದ ವಿರುದ್ಧ ಸಿನಿಮಾ ಮಾಡಿದ ತಂಡಕ್ಕೆ ಏನಾಯಿತು?

1947ರ ಜುಲೈ 22ರಂದು ನ್ಯೂಯಾರ್ಕಿನಲ್ಲಿ ‘ಕ್ರಾಸ್‌ಫೈರ್’ ತೆರೆಕಂಡಿತು. ಅದೇ ವರ್ಷ ನವೆಂಬರ್ ಕೊನೆಯ ವಾರದಲ್ಲಿ ಅದರ ನಿರ್ಮಾಪಕ ಮತ್ತು ನಿರ್ದೇಶಕ ಇಬ್ಬರನ್ನೂ ಆರ್‌ಕೆಒ ಸ್ಟುಡಿಯೊ ಕೆಲಸದಿಂದ ತೆಗೆದುಹಾಕಿತು. ಸಿನಿಮಾ ಸೋತಿತ್ತಾ? ಇಲ್ಲ. ಕಡಿಮೆ ಬಜೆಟ್ಟಿನಲ್ಲಿ ಮಾಡಿದ ಚಿತ್ರ, ಒಳ್ಳೆ ಲಾಭ ತಂದಿತ್ತು. ಸೆಪ್ಟೆಂಬರಿನಲ್ಲಿ ಕಾನ್ ಚಿತ್ರೋತ್ಸವ ಅದಕ್ಕೆ ಅತ್ಯುತ್ತಮ ಸಾಮಾಜಿಕ ಚಿತ್ರ ಪ್ರಶಸ್ತಿ ಕೊಟ್ಟಿತ್ತು. ಆಮೇಲೆ ಐದು ಆಸ್ಕರ್ ನಾಮನಿರ್ದೇಶನಗಳೂ ಬಂದವು. ಅಷ್ಟರಲ್ಲಿ ಅದನ್ನು ಮಾಡಿದ ಇಬ್ಬರಿಗೆ ಹಾಲಿವುಡ್‌ನಲ್ಲಿ ಕೆಲಸವೇ ಇರಲಿಲ್ಲ.

ಫಿಲ್ಮ್ ನ್ವಾರ್ ಅಂದ ಕೂಡಲೇ ನಮಗೆ ನೆನಪಾಗೋದು ಹ್ಯಾಟು, ಸಿಗರೇಟು, ಕಿಟಕಿಯ ಪಟ್ಟಿಪಟ್ಟಿ ನೆರಳು, ಮೋಸ ಮಾಡುವ ಹೆಂಗಸು. ‘ಕ್ರಾಸ್‌ಫೈರ್’ನಲ್ಲಿ ನೆರಳು ಬೇಕಾದಷ್ಟಿದೆ, ಆದರೆ ಕೊಲೆಗೆ ಹಣವಾಗಲಿ ಹೆಣ್ಣಾಗಲಿ ಕಾರಣವಲ್ಲ. ಯುದ್ಧ ಮುಗಿದಿದೆ, ಸೈನಿಕರು ವಾಷಿಂಗ್ಟನ್ನಿನ ಬಾರುಗಳಲ್ಲಿ ಹೊತ್ತು ಕಳೆಯುತ್ತಿದ್ದಾರೆ. ಅಲ್ಲಿ ಪರಿಚಯವಾದ ಸ್ಯಾಮುಯೆಲ್ಸ್ ಎಂಬ ವ್ಯಕ್ತಿಯನ್ನು ಮಾಂಟ್‌ಗೊಮರಿ ಎಂಬ ಸೈನಿಕ ಹೊಡೆದು ಕೊಲ್ಲುತ್ತಾನೆ. ಕಾರಣ ಒಂದೇ: ಸ್ಯಾಮುಯೆಲ್ಸ್ ಯಹೂದಿ. ‘ಇವರೆಲ್ಲ ಯುದ್ಧದಿಂದ ತಪ್ಪಿಸಿಕೊಂಡು ಮನೆಯಲ್ಲಿ ಕೂತವರು’ ಅನ್ನೋ ಧಾಟಿಯಲ್ಲಿ ಮಾಂಟ್‌ಗೊಮರಿ ಮಾತಾಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಸ್ಯಾಮುಯೆಲ್ಸ್ ಒಕಿನಾವಾದಲ್ಲಿ ಗಾಯಗೊಂಡು ಬಂದ ಮಾಜಿ ಸೈನಿಕ.

ಕತೆಯ ಮೂಲ ರಿಚರ್ಡ್ ಬ್ರೂಕ್ಸ್ ಬರೆದ ‘ದಿ ಬ್ರಿಕ್ ಫಾಕ್ಸ್‌ಹೋಲ್’ ಕಾದಂಬರಿ. 1945ರಲ್ಲಿ ಪ್ರಕಟವಾಯಿತು, ಆಗ ಬ್ರೂಕ್ಸ್ ಮರೀನ್ ಪಡೆಯಲ್ಲಿದ್ದರು. ಕಾದಂಬರಿಯಲ್ಲಿ ಕೊಲೆಯಾಗುವವನು ಯಹೂದಿಯಲ್ಲ, ಸಲಿಂಗಿ. ಆದರೆ ಆ ಕಾಲದ ಹಾಲಿವುಡ್‌ನ ಪ್ರೊಡಕ್ಷನ್ ಕೋಡ್ ಪ್ರಕಾರ ಪರದೆಯ ಮೇಲೆ ಆ ವಿಷಯ ಎತ್ತುವಂತೆಯೇ ಇರಲಿಲ್ಲ. ಕೊಲೆಯಾದವನನ್ನು ಯಹೂದಿ ಮಾಡಿ, ಯಹೂದಿ ದ್ವೇಷದ ಬಗ್ಗೆಯೇ ಸಿನಿಮಾ ಮಾಡೋಣ ಅನ್ನೋ ಐಡಿಯಾ ನಿರ್ಮಾಪಕ ಏಡ್ರಿಯನ್ ಸ್ಕಾಟ್ ಅವರದ್ದು. ಹಾಲಿವುಡ್ ಅದುವರೆಗೆ ಆ ದ್ವೇಷವನ್ನು ಹೆಸರಿಟ್ಟು ಮಾತಾಡಿದ್ದೇ ಅಪರೂಪ. ಆದರೆ ಒಂದು ದ್ವೇಷದ ಬಗ್ಗೆ ಮಾತಾಡೋಕೆ ಇನ್ನೊಂದನ್ನು ಮುಚ್ಚಿಡಬೇಕಾಯಿತು ಅನ್ನೋದನ್ನೂ ಮರೆಯಬಾರದು. ಅದು ಪೂರ್ತಿ ಮುಚ್ಚಿಯೂ ಇಲ್ಲ. ಬಾರಿನಲ್ಲಿ ಸಪ್ಪಗೆ ಕೂತ ಹುಡುಗ ಸೈನಿಕನನ್ನು ಸ್ಯಾಮುಯೆಲ್ಸ್ ಮಾತಾಡಿಸಿ ಮನೆಗೆ ಕರೆದೊಯ್ಯುವ ದೃಶ್ಯ ನೋಡಿ. ಹಳೆಯ ಕಾದಂಬರಿ ಅಲ್ಲಿ ಇನ್ನೂ ಉಸಿರಾಡುತ್ತಿದೆ.

ಸ್ಕಾಟ್, ನಿರ್ದೇಶಕ ಎಡ್ವರ್ಡ್ ಡ್ಮಿಟ್ರಿಕ್, ಚಿತ್ರಕತೆಗಾರ ಜಾನ್ ಪ್ಯಾಕ್ಸ್‌ಟನ್. ಈ ಮೂವರದ್ದು ಒಂದು ಟೀಮ್. ‘ಮರ್ಡರ್, ಮೈ ಸ್ವೀಟ್’ (1944), ‘ಕಾರ್ನರ್ಡ್’ (1945) ಮಾಡಿದ್ದೂ ಇವರೇ. ಸಿನಿಮಾ ಅಂದ್ರೆ ನಿರ್ದೇಶಕನದ್ದು ಅನ್ನೋ ಅಭ್ಯಾಸ ನಮಗೆಲ್ಲ ಇದೆ. ‘ಕ್ರಾಸ್‌ಫೈರ್’ ವಿಷಯದಲ್ಲಿ ನಾನು ಅದನ್ನು ಒಪ್ಪಲ್ಲ. ಇದು ಮೊದಲು ಸ್ಕಾಟ್ ಸಿನಿಮಾ, ಆಮೇಲೆ ಉಳಿದವರದ್ದು.

ಹಾಗಂತ ಡ್ಮಿಟ್ರಿಕ್ ಕೆಲಸ ಸಣ್ಣದಲ್ಲ. ಶೂಟಿಂಗ್ ಮುಗಿದದ್ದು ಮೂರು ವಾರದ ಆಸುಪಾಸಿನಲ್ಲಿ. ಮೂಕಿ ಕಾಲದಿಂದ ಕ್ಯಾಮೆರಾ ಹಿಡಿದಿದ್ದ ಛಾಯಾಗ್ರಾಹಕ ಜೆ. ರಾಯ್ ಹಂಟ್ ಜತೆ ಸೇರಿ ಲೈಟಿಂಗ್ ಸಮಯವನ್ನೇ ಕತ್ತರಿಸಿದರು. ಕಡಿಮೆ ದೀಪ, ಹೆಚ್ಚು ಕತ್ತಲೆ. ಉಳಿದ ಸಮಯ ನಟರಿಗೆ. ನ್ವಾರ್ ಶೈಲಿಯನ್ನು ಬರೀ ಕಲೆ ಅಂತ ಹೊಗಳುವವರು ಅದರ ಹಿಂದಿನ ಈ ಲೆಕ್ಕಾಚಾರವನ್ನೂ ನೋಡಬೇಕು.

ಲೆನ್ಸಿನ ಆಟ ನನಗೆ ಇನ್ನೂ ಇಷ್ಟ, ಓದಿದ ಎಂಜಿನಿಯರಿಂಗ್ ಇಂಥ ಕಡೆಯಾದರೂ ಉಪಯೋಗಕ್ಕೆ ಬರಲಿ. ಆರಂಭದಲ್ಲಿ ಮಾಂಟ್‌ಗೊಮರಿಯನ್ನು 50 ಎಂಎಂ ಲೆನ್ಸಿನಲ್ಲಿ ತೋರಿಸುತ್ತಾರೆ. ಕತೆ ಮುಂದುವರಿದ ಹಾಗೆ ಹಂತಹಂತವಾಗಿ ಇಳಿಸುತ್ತಾ ಕೊನೆಗೆ 25 ಎಂಎಂಗೆ ತರುತ್ತಾರೆ. ವೈಡ್ ಲೆನ್ಸಿನಲ್ಲಿ ಮುಖ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾ ಹತ್ತಿರ ಹೋಗಲೇಬೇಕು. ಹತ್ತಿರ ಹೋದಷ್ಟೂ ಮೂಗು, ದವಡೆ ಮುಂದೆ ಬರುತ್ತವೆ, ಕಿವಿ ಹಿಂದೆ ಸರಿಯುತ್ತದೆ. ಅಂದರೆ ಮುಖ ಸೊಟ್ಟಗಾಗಲು ನಿಜವಾದ ಕಾರಣ ಆ ದೂರ. ನೋಡುವವರಿಗೆ ಇದ್ಯಾವುದೂ ಗೊತ್ತಾಗಲ್ಲ. ಮೊದಲು ತಮಾಷೆಯ, ಸ್ವಲ್ಪ ಬಾಯಿ ಜಾಸ್ತಿಯಿರುವ ಸೈನಿಕನಂತೆ ಕಂಡವನು ಬರ್ತಾ ಬರ್ತಾ ಯಾಕೋ ಹೆದರಿಕೆ ಹುಟ್ಟಿಸುತ್ತಾನೆ, ಅಷ್ಟೇ.

ಆ ಮುಖ ರಾಬರ್ಟ್ ರಯಾನ್ ಅವರದು. ಮರೀನ್ ಪಡೆಯಲ್ಲಿದ್ದಾಗಲೇ ಬ್ರೂಕ್ಸ್‌ಗೆ ಪರಿಚಯವಾಗಿ, ಈ ಕಾದಂಬರಿ ಸಿನಿಮಾ ಆದರೆ ಮಾಂಟ್‌ಗೊಮರಿ ಪಾತ್ರ ನನಗೇ ಬೇಕು ಅಂದಿದ್ದರು. ಸಿಕ್ಕಿತು, ಜೀವನದ ಒಂದೇ ಒಂದು ಆಸ್ಕರ್ ನಾಮನಿರ್ದೇಶನವೂ ಅದಕ್ಕೇ ಸಿಕ್ಕಿತು. ಪರದೆಯ ಮೇಲೆ ಮತ್ತೆ ಮತ್ತೆ ದ್ವೇಷ ಕಾರುವ ಗಂಡಸಾದ ಈ ನಟ, ಹೊರಗೆ ಅಣ್ವಸ್ತ್ರ ವಿರೋಧಿ ಚಳವಳಿಯಲ್ಲಿ, ನಾಗರಿಕ ಹಕ್ಕುಗಳ ಪರವಾಗಿ ದುಡಿದವರು.

ತನಿಖೆ ಮಾಡುವ ಕ್ಯಾಪ್ಟನ್ ಫಿನ್ಲೆ ಪಾತ್ರದಲ್ಲಿ ರಾಬರ್ಟ್ ಯಂಗ್. ಟೆನಿಸಿಯ ಹಳ್ಳಿಯ ಹುಡುಗ ಲೀರಾಯ್‌ನನ್ನು (ವಿಲಿಯಂ ಫಿಪ್ಸ್) ಕೂರಿಸಿಕೊಂಡು, 1848ರಲ್ಲಿ ಫಿಲಡೆಲ್ಫಿಯಾದಲ್ಲಿ ತನ್ನ ತಾತನನ್ನು ಐರಿಶ್ ಕ್ಯಾಥೊಲಿಕ್ ಅನ್ನೋ ಕಾರಣಕ್ಕೇ ಕೊಂದ ಕತೆ ಹೇಳುತ್ತಾನೆ. ಇದು ಪಾಠದ ಥರ ಇದೆ ಅಂತ ದೂರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ದೂರು ಸುಳ್ಳಲ್ಲ. ಆದರೆ ಫಿನ್ಲೆ ಅದನ್ನು ಹೇಳೋದು ಯಾರಿಗೆ ಅಂತ ಗಮನಿಸಿ. ಮಾಂಟ್‌ಗೊಮರಿಗಲ್ಲ. ಅವನ ಜತೆ ಓಡಾಡುವ, ಅವನಿಂದ ಬೈಸಿಕೊಂಡೂ ಸುಮ್ಮನಿರುವ ಹುಡುಗನಿಗೆ. ಮನಸ್ಸು ಬದಲಾಗಬೇಕಾದದ್ದು ಅವನದು.

ಸ್ಯಾಮುಯೆಲ್ಸ್ ಆಗಿ ಸ್ಯಾಮ್ ಲೆವೀನ್. ಡ್ಯಾನ್ಸ್ ಹಾಲ್ ಹುಡುಗಿ ಜಿನ್ನಿಯಾಗಿ ಗ್ಲೋರಿಯಾ ಗ್ರಹಾಂ, ಎಂಜಿಎಂನಿಂದ ಎರವಲು ತಂದ ನಟಿ. ಬರುವುದು ಕೆಲವೇ ನಿಮಿಷ, ಆದರೂ ನಾಮನಿರ್ದೇಶನ. ಅವಳ ಮನೆಗೆ ಬಂದು ತಾನು ಯಾರು ಅಂತ ಮಾತುಮಾತಿಗೂ ಬೇರೆ ಬೇರೆ ಕತೆ ಕಟ್ಟುವ ವಿಚಿತ್ರ ಗಂಡಸು ಪಾಲ್ ಕೆಲ್ಲಿ. ಈ ಸಿನಿಮಾದ ಅತ್ಯಂತ ನ್ವಾರ್ ಕ್ಷಣ ಅದೇ. ಕೆಲ್ಲಿ 1920ರ ದಶಕದಲ್ಲಿ ನರಹತ್ಯೆ ಅಪರಾಧಕ್ಕೆ ಜೈಲಿಗೆ ಹೋಗಿ ಬಂದು, ಮತ್ತೆ ನಟನೆ ಮುಂದುವರಿಸಿದ್ದವರು. ಸಾರ್ಜೆಂಟ್ ಕೀಲಿಯಾಗಿ ರಾಬರ್ಟ್ ಮಿಚಮ್‌ಗೆ ಹೆಚ್ಚೇನೂ ಕೆಲಸವಿಲ್ಲ. ಸಂಗೀತ ರಾಯ್ ವೆಬ್, ಸಂಕಲನ ಹ್ಯಾರಿ ಗರ್‌ಸ್ಟಡ್.

ಇನ್ನು ಆ ಅಕ್ಟೋಬರ್. ‘ಅಮೆರಿಕ-ವಿರೋಧಿ ಚಟುವಟಿಕೆ’ಗಳ ತನಿಖೆಗೆ ಅಲ್ಲಿನ ಸಂಸತ್ತಿನ ಕೆಳಮನೆ ಮಾಡಿಕೊಂಡ ಸಮಿತಿ ಹಾಲಿವುಡ್ ಕಡೆ ತಿರುಗಿತ್ತು. ನೀವು ಈಗ ಕಮ್ಯುನಿಸ್ಟ್ ಪಕ್ಷದ ಸದಸ್ಯರೇ, ಹಿಂದೆ ಯಾವತ್ತಾದರೂ ಆಗಿದ್ದಿರಾ? ಇದೇ ಪ್ರಶ್ನೆ. ನಮ್ಮ ರಾಜಕೀಯ ನಂಬಿಕೆ ಕೇಳುವ ಹಕ್ಕೇ ನಿಮಗಿಲ್ಲ ಅಂತ ಹತ್ತು ಜನ ಉತ್ತರ ಕೊಡಲಿಲ್ಲ. ‘ಹಾಲಿವುಡ್ ಟೆನ್’ ಅಂತ ಆಮೇಲೆ ಹೆಸರಾದವರು. ಅಕ್ಟೋಬರ್ 29ರಂದು ಸಮಿತಿ ಮುಂದೆ ನಿಂತವರಲ್ಲಿ ಸ್ಕಾಟ್, ಡ್ಮಿಟ್ರಿಕ್ ಇಬ್ಬರೂ ಇದ್ದರು. ಸದನ ನಿಂದನೆಯ ಆರೋಪ ಬಿತ್ತು. ಸ್ಟುಡಿಯೊ ಮಾಲೀಕರು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಸೇರಿ, ಈ ಹತ್ತು ಜನಕ್ಕೆ ಕೆಲಸ ಕೊಡಲ್ಲ ಅಂತ ಘೋಷಿಸಿದರು. ಕಪ್ಪುಪಟ್ಟಿ ಶುರುವಾಗಿದ್ದು ಅಲ್ಲಿ. ಕಾನೂನು ಮಾಡಿದ್ದು ಯಾರೂ ಇಲ್ಲ, ಕಂಪನಿಗಳೇ ಮಾಡಿಕೊಂಡ ಏರ್ಪಾಡು.

ಆರ್‌ಕೆಒದ ನಿರ್ಮಾಣ ಮುಖ್ಯಸ್ಥ ಡೋರ್ ಶಾರಿ ‘ಕ್ರಾಸ್‌ಫೈರ್’ಗೆ ಬೆನ್ನೆಲುಬಾಗಿ ನಿಂತಿದ್ದವರು. ಇವರಿಬ್ಬರನ್ನು ನಾನು ವಜಾ ಮಾಡಲ್ಲ ಅಂದರು. ಆ ಕೆಲಸವನ್ನು ಕಂಪನಿ ಅಧ್ಯಕ್ಷರು ಮಾಡಿದರು. ಶಾರಿ ಕುರ್ಚಿ ಬಿಡಲಿಲ್ಲ. 1948ರಲ್ಲಿ ಹವರ್ಡ್ ಹ್ಯೂಸ್ ಸ್ಟುಡಿಯೊ ಕೊಂಡ ಮೇಲೆ ಹೊರಬಂದರು. ಅದೇ ವರ್ಷ ಮಿಚಮ್ ಗಾಂಜಾ ಪ್ರಕರಣದಲ್ಲಿ ಸಿಕ್ಕಿಬಿದ್ದು, ಮುಂದೆ ಜೈಲಿಗೂ ಹೋದರು. ಹ್ಯೂಸ್ ಅವರ ಪರ ಗಟ್ಟಿಯಾಗಿ ನಿಂತರು. ಮಿಚಮ್ ಕೆಲಸಕ್ಕೆ ಕುಂದೇ ಬರಲಿಲ್ಲ. ಗಾಂಜಾ ಕ್ಷಮಿಸಬಹುದಿತ್ತು, ಮೌನ ಕ್ಷಮಿಸುವಂತಿರಲಿಲ್ಲ.

1950ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಸ್ಕಾಟ್‌ಗೆ ಒಂದು ವರ್ಷ, ಡ್ಮಿಟ್ರಿಕ್‌ಗೆ ಆರು ತಿಂಗಳ ಶಿಕ್ಷೆ. (ಪ್ರಶ್ನೆ ಕೇಳಿದ್ದ ಸಮಿತಿಯ ಅಧ್ಯಕ್ಷ ಪಾರ್ನೆಲ್ ಥಾಮಸ್ ಕೂಡ ಆ ಹೊತ್ತಿಗೆ ಜೈಲಿನಲ್ಲಿದ್ದ, ಸುಳ್ಳು ಸಂಬಳದ ಪಟ್ಟಿ ಮಾಡಿ ಸರ್ಕಾರಿ ದುಡ್ಡು ಹೊಡೆದದ್ದಕ್ಕೆ.) ಜೈಲಿನಿಂದ ಬಂದ ಡ್ಮಿಟ್ರಿಕ್ 1951ರ ಏಪ್ರಿಲ್ 25ರಂದು ಮತ್ತೆ ಸಮಿತಿ ಮುಂದೆ ಹೋಗಿ 26 ಹೆಸರು ಹೇಳಿದರು. ಅದರಲ್ಲಿ ಒಂದು ಏಡ್ರಿಯನ್ ಸ್ಕಾಟ್. ಹತ್ತು ಜನರಲ್ಲಿ ಹೀಗೆ ಮಾಡಿದವರು ಇವರೊಬ್ಬರೇ. ಪಕ್ಷದ ಬಗ್ಗೆ ತನಗೆ ಮೊದಲೇ ಭ್ರಮನಿರಸನವಾಗಿತ್ತು, ಅದಕ್ಕಾಗಿ ಹುತಾತ್ಮನಾಗುವ ಅಗತ್ಯವಿರಲಿಲ್ಲ ಅನ್ನೋದು ಅವರು ಕೊನೆವರೆಗೂ ಕೊಟ್ಟ ವಿವರಣೆ. ಪಕ್ಷ ಬಿಡುವುದು ಅವರ ಹಕ್ಕು, ಅದನ್ನು ಯಾರೂ ಪ್ರಶ್ನಿಸಬೇಕಿಲ್ಲ. ಆದರೆ ಪಕ್ಷ ಬಿಡೋಕೆ ಗೆಳೆಯನ ಹೆಸರು ಯಾಕೆ ಬೇಕಿತ್ತು? ನನಗೆ ಆ ವಿವರಣೆ ಸಾಕಾಗಲ್ಲ. ಮತ್ತೆ ಕೆಲಸ ಸಿಕ್ಕಿತು, ‘ದಿ ಕೇನ್ ಮ್ಯೂಟಿನಿ’ (1954) ದೊಡ್ಡ ಹಿಟ್ ಆಯಿತು. ಡ್ಮಿಟ್ರಿಕ್ 1999ರವರೆಗೆ ಬದುಕಿದ್ದರು.

ಸ್ಕಾಟ್ ಹೆಸರು ಹೇಳಲಿಲ್ಲ. ಟಿವಿಗೆ ಬರೆದು ಬದುಕಿದರು, ಆದರೆ ತಮ್ಮ ಹೆಸರಿನಲ್ಲಲ್ಲ. ಕೆಲವಕ್ಕೆ ಹೆಂಡತಿ ಜೋನ್ ಹೆಸರು ಮುಂದಿಟ್ಟರು. ಆಮೇಲೆ ಲಂಡನ್ನಿಗೆ ಹೋದರು. 1970ರ ದಶಕದ ಆರಂಭದಲ್ಲಿ ಅಬ್ರಹಾಂ ಲಿಂಕನ್ ಗಡ್ಡದ ಸುತ್ತ ಹೆಣೆದ ‘ದಿ ಗ್ರೇಟ್ ಮ್ಯಾನ್ಸ್ ವಿಸ್ಕರ್ಸ್’ ಅನ್ನೋ ಸಣ್ಣ ಟಿವಿ ಸಿನಿಮಾ ಬಂತು. ನಿರ್ಮಾಣ ಏಡ್ರಿಯನ್ ಸ್ಕಾಟ್, ಚಿತ್ರಕತೆ ಜಾನ್ ಪ್ಯಾಕ್ಸ್‌ಟನ್. ಹಳೆಯ ಟೀಮಿನ ಎರಡು ಹೆಸರು ಮತ್ತೆ ಒಂದೇ ಟೈಟಲ್ ಕಾರ್ಡಿನಲ್ಲಿ. ಸ್ಕಾಟ್ 1972ರಲ್ಲಿ ತೀರಿಕೊಂಡರು.